ಎರಡನೇ ಲೆಗ್‌ಗೆ ಮುಂಚೆ ಯಾವ ಅಂಕಿ ನೋಡಬೇಕು?

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ಕ್ರಿಕೆಟ್ ಹಿಂದೆ ಬಿದ್ದು ಯುರೋಪಿನ ಫುಟ್‌ಬಾಲ್ ಮುಂದೆ ಬಂದಿದೆ. ಅಲ್ಲಿನ ಕ್ಲಬ್‌ಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್‌ನ ನಾಕೌಟ್‌ನಲ್ಲಿ, ಫೈನಲ್ ಬಿಟ್ಟು, ಎರಡು ತಂಡ ಎರಡು ಸಲ ಆಡುತ್ತವೆ, ಒಂದು ಇವರ ಊರಲ್ಲಿ, ಇನ್ನೊಂದು ಅವರ ಊರಲ್ಲಿ. ಒಂದೊಂದು ಆಟಕ್ಕೂ ಲೆಗ್ ಎನ್ನುತ್ತಾರೆ. ಎರಡೂ ಆಟದ ಗೋಲು ಕೂಡಿಸಿ ಹೆಚ್ಚು ಯಾರದೋ ಅವರು ಮುಂದಿನ ಸುತ್ತಿಗೆ. ಬಂದ ಪ್ರಶ್ನೆಗಳೆಲ್ಲ ಈ ಎರಡನೇ ಆಟದ ಸುತ್ತಲೇ ಇವೆ.

ಪ್ರಶ್ನೆ: ಸರ, 2025ರ ಮಾರ್ಚ್‌ನಾಗ ಪ್ಯಾರಿಸಿನ ಪಿಎಸ್‌ಜಿ ತಂಡ ತನ್ನ ಊರಾಗ 27 ಸಲ ಗೋಲಿಗೆ ಹೊಡದ್ರೂ ಸೊನ್ನೆ. ಇಂಗ್ಲೆಂಡಿನ ಲಿವರ್‌ಪೂಲ್ ಹೊಡದಿದ್ದು ಎರಡ ಸಲ, ಅದರಾಗ ಒಂದು ಗೋಲಾತು, ಗೆದ್ದೂ ಬಿಟ್ಟರು. ಹಂಗಾದ್ರ ಈ ಅಂಕಿ-ಸಂಖ್ಯಿ ಯಾಕ ನೋಡಬೇಕ್ರಿ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಆ ಆಟದ ಮಾರನೇ ದಿನ ಬಹಳ ಜನ ಹೀಗೇ ಅಂದರು. ವಾರ ಕಳೆದ ಮೇಲೆ ಏನಾಯಿತು ನೋಡಿ. ಮಾರ್ಚ್ 11ರಂದು ಲಿವರ್‌ಪೂಲ್‌ನ ತವರು ಮೈದಾನ ಆ್ಯನ್‌ಫೀಲ್ಡ್‌ನಲ್ಲಿ 12ನೇ ನಿಮಿಷಕ್ಕೆ ಪಿಎಸ್‌ಜಿಯ ಡೆಂಬೆಲೆ ಗೋಲು ಹೊಡೆದರು, ಒಟ್ಟು ಲೆಕ್ಕ 1-1 ಆಯಿತು. ಹೆಚ್ಚುವರಿ ಅವಧಿಯಲ್ಲೂ ಇತ್ಯರ್ಥವಾಗಲಿಲ್ಲ. ಪೆನಾಲ್ಟಿ ಶೂಟೌಟ್‌ನಲ್ಲಿ ಪಿಎಸ್‌ಜಿ ಗೋಲ್‌ಕೀಪರ್ ಡೊನ್ನರುಮ್ಮ ಎರಡು ತಡೆದರು, ಪಿಎಸ್‌ಜಿ 4-1ರಿಂದ ಗೆದ್ದಿತು. ಮೇ 31ಕ್ಕೆ ಇಂಟರ್ ಮಿಲಾನ್ ಮೇಲೆ 5-0 ಹೊಡೆದು ಕಪ್ಪನ್ನೂ ಎತ್ತಿತು. ಮೊದಲ ಆಟದ 27 ಹೊಡೆತ ಸುಳ್ಳು ಹೇಳಿರಲಿಲ್ಲ, ಸುಳ್ಳು ಹೇಳಿದ್ದು 0-1 ಎಂಬ ಫಲಿತಾಂಶ. ಅಲ್ಲಿ ಲಿವರ್‌ಪೂಲ್ ಗೋಲ್‌ಕೀಪರ್ ಆಲಿಸನ್ ಒಂಬತ್ತು ಗೋಲು ಉಳಿಸಿದ್ದರು. ಗೋಲು ಬಂದದ್ದು 87ನೇ ನಿಮಿಷಕ್ಕೆ, ಆಗಷ್ಟೇ ಸಲಾ ಬದಲಿಗೆ ಇಳಿದಿದ್ದ ಹಾರ್ವಿ ಎಲಿಯಟ್ ಕಾಲಿನಿಂದ. ಗೋಲ್‌ಕೀಪರ್‌ನ ಅಂಥ ರಾತ್ರಿ ವಾರ ಬಿಟ್ಟು ಮತ್ತೆ ಬರುತ್ತದೆ ಎಂದು ಯಾರೂ ಹೇಳಲಾರರು. ಅಷ್ಟೊಂದು ಅವಕಾಶ ಹುಟ್ಟಿಸುವ ಆಟಕ್ಕೆ ಮಾತ್ರ ಮತ್ತೆ ಬರುವ ಗುಣವಿದೆ.

ಆದರೆ ಹೊಡೆತಗಳನ್ನು ಬರೀ ಎಣಿಸಿದರೆ ಮೋಸ ಹೋಗುತ್ತೀರಿ. ಅದಕ್ಕೇ ಎಕ್ಸ್‌ಜಿ, ಅಂದರೆ ನಿರೀಕ್ಷಿತ ಗೋಲು, ನೋಡುವುದು. ಒಂದೊಂದು ಹೊಡೆತಕ್ಕೂ ಅದು ಗೋಲಾಗುವ ಸಂಭವದಷ್ಟು ಅಂಕ ಕೊಡುತ್ತಾರೆ: ಎಷ್ಟು ದೂರ, ಯಾವ ಕೋನ, ಕಾಲೋ ತಲೆಯೋ. ಪೆನಾಲ್ಟಿಗೆ ಸುಮಾರು 0.76ರಿಂದ 0.79. ಇಪ್ಪತ್ತೈದು ಮೀಟರ್ ಆಚೆಯಿಂದ ಬೀಸಿದ ಹೊಡೆತಕ್ಕೆ 0.03ರ ಆಸುಪಾಸು. ಹಾಗಾಗಿ ದೂರದಿಂದ 20 ಸಲ ಬೀಸಿದರೂ ಕೂಡಿ 0.6 ಆಯಿತು, ಒಂದು ಪೆನಾಲ್ಟಿಗೂ ಸಮವಲ್ಲ. ಇನ್ನು ಎಕ್ಸ್‌ಜಿ 2 ಇದ್ದ ತಂಡ ಒಂದೂ ಗೋಲಿಲ್ಲದೆ ಮನೆಗೆ ಹೋಗುವ ಸಂಭವ ನೂರಕ್ಕೆ 13-14. ಏಳೆಂಟು ಆಟಕ್ಕೊಮ್ಮೆ ಆಗುವ ಮಾತು, ಪವಾಡವೇನಲ್ಲ.

ಮೊದಲ ಲೆಗ್‌ನ ಎಕ್ಸ್‌ಜಿ ಓದುವಾಗ ಎರಡು ಕಳೆಯುವ ಲೆಕ್ಕ ಮಾಡಿ. ಪೆನಾಲ್ಟಿಯದನ್ನು ತೆಗೆದು ಬೇರೆ ಬರೆಯಿರಿ. ಆಮೇಲೆ, ಮೊದಲ ಗೋಲಿನ ಮುಂಚಿನದನ್ನೂ ಆಮೇಲಿನದನ್ನೂ ಬೇರೆ ಮಾಡಿ. ಕೆಂಪು ಕಾರ್ಡ್ ಬಿದ್ದಿದ್ದರೆ ಅಲ್ಲಿಯೂ ಒಂದು ಗೆರೆ ಎಳೆಯಿರಿ. ಮುನ್ನಡೆ ಪಡೆದ ತಂಡ ಬೇಕೆಂದೇ ಹಿಂದೆ ಸರಿದು ಕೂರುತ್ತದೆ, ಎದುರಾಳಿಯ ಹೊಡೆತ ತಾನಾಗಿ ಏರುತ್ತದೆ. ಆಟ ಸಮವಾಗಿದ್ದಾಗ ಯಾರು ಏನು ಮಾಡಿದರು ಎನ್ನುವುದೇ ಎರಡನೇ ಲೆಗ್‌ನ ಸುಳಿವು.

ಚೆಂಡಿನ ಹಿಡಿತದ ಶೇಕಡಾವಾರು ಟಿವಿಯಲ್ಲಿ ದೊಡ್ಡದಾಗಿ ಬರುತ್ತದೆ, ಕೆಲಸಕ್ಕೆ ಬರುವುದು ಕಡಿಮೆ. 2010ರ ಸೆಮಿಫೈನಲ್‌ನ ಎರಡನೇ ಲೆಗ್‌ನಲ್ಲಿ ಇಂಟರ್ ತಂಡದ ಥಿಯಾಗೊ ಮೊಟ್ಟ 28ನೇ ನಿಮಿಷಕ್ಕೇ ಕೆಂಪು ಕಾರ್ಡ್ ಪಡೆದು ಹೊರನಡೆದರು. ಸುಮಾರು ಮುಕ್ಕಾಲು ಪಾಲು ಹೊತ್ತು ಚೆಂಡು ಬಾರ್ಸಿಲೋನಾ ಕಾಲಲ್ಲೇ ಇತ್ತು. ಬಂದದ್ದು ಒಂದೇ ಗೋಲು. ಮೊದಲ ಆಟ 3-1 ಗೆದ್ದಿದ್ದ ಇಂಟರ್ 3-2ರಿಂದ ಫೈನಲ್‌ಗೆ ಹೋಯಿತು.

ಪ್ರಶ್ನೆ: ಪತ್ರಿಕೆಗಳಲ್ಲಿ ‘ಕಳೆದ ಐದು ಪಂದ್ಯ: ಗೆಲುವು, ಗೆಲುವು, ಡ್ರಾ, ಸೋಲು, ಗೆಲುವು’ ಎಂದು ಹಾಕುತ್ತಾರೆ. ಫಾರ್ಮ್ ನೋಡುವುದಕ್ಕೆ ಇಷ್ಟು ಸಾಕೆ?
– ಓದುಗರು, ಬ್ಯಾಡಗಿ

ಉತ್ತರ: ನಿಮ್ಮ ಊರಿನ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲದ ಬಾಯಲ್ಲಿರುವ ಕಾಯಿ ಮಾತ್ರ ನೋಡಿ ಇಡೀ ಲಾಟಿಗೆ ದರ ಬರೆಯುವ ಖರೀದಿದಾರ ಎಷ್ಟು ದಿನ ಉಳಿದಾನು? ಕೈ ಒಳಗೆ ಹಾಕಿ ತಳದ್ದನ್ನೂ ತೆಗೆದು ನೋಡಬೇಕು. ಐದು ಪಂದ್ಯದ ಸಾಲು ಚೀಲದ ಬಾಯಿ ಇದ್ದಂತೆ.

ಒಂದೊಂದು ಫಲಿತಾಂಶದ ಪಕ್ಕ ಮೂರು ಮಾತು ಬರೆದುಕೊಳ್ಳಿ: ಎದುರಾಳಿ ತಮ್ಮ ಲೀಗ್‌ನಲ್ಲಿ ಎಷ್ಟನೇ ಸ್ಥಾನ, ಆಟ ತವರಿನದೋ ಹೊರಗಿನದೋ, ಎರಡನೇ ಲೆಗ್ ಆಡಲಿರುವ ಹನ್ನೊಂದು ಮಂದಿಯಲ್ಲಿ ಅವತ್ತು ಎಷ್ಟು ಜನ ಶುರುವಿನಿಂದ ಇದ್ದರು. ಏಳಕ್ಕಿಂತ ಕಡಿಮೆ ಇದ್ದರೆ ಆ ಆಟಕ್ಕೆ ಗೀಟು ಹಾಕಿಬಿಡಿ, ಅದು ಬೇರೆ ತಂಡದ ಫಾರ್ಮ್. ನಾಕೌಟ್ ವಾರದಲ್ಲಿ ದೇಶೀ ಲೀಗ್‌ನಲ್ಲಿ ಎರಡನೇ ಸಾಲಿನವರನ್ನು ಇಳಿಸುವುದು ಮಾಮೂಲು. 2019ರ ಮೇ ತಿಂಗಳಲ್ಲಿ ಸ್ಪೇನ್‌ನ ಲೀಗ್ ಲಾ ಲಿಗಾ ಆಗಲೇ ಗೆದ್ದಿದ್ದ ಬಾರ್ಸಿಲೋನಾ, ಲಿವರ್‌ಪೂಲ್ ವಿರುದ್ಧದ ಎರಡನೇ ಲೆಗ್‌ಗೆ ಮೂರು ದಿನ ಮುಂಚೆ ಇಡೀ ತಂಡ ಬದಲಿಸಿ ಸೆಲ್ಟಾ ಎದುರು 2-0 ಸೋತಿತು. ಆ ಸೋಲಿಗೆ ಅರ್ಥವಿರಲಿಲ್ಲ. ಆದರೆ ವಿಶ್ರಾಂತಿ ಸಿಕ್ಕಿತು ಎನ್ನುವುದಕ್ಕೂ ಬಹಳ ಅರ್ಥವಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಅದೇ ಶನಿವಾರ ನ್ಯೂಕ್ಯಾಸಲ್‌ನಲ್ಲಿ ಬೆವರು ಸುರಿಸಿ 3-2 ಗೆದ್ದು, ಸಲಾನನ್ನು ಗಾಯಕ್ಕೆ ಕಳೆದುಕೊಂಡು, ಫರ್ಮಿನೊ ಕೂಡ ಇಲ್ಲದೆ ಇಳಿದ ಲಿವರ್‌ಪೂಲ್ 0-3ರ ಹಿನ್ನಡೆಯನ್ನು 4-0 ಹೊಡೆದು ತೀರಿಸಿತು. ಒರಿಗಿ ಎರಡು, ವೈನಾಲ್ಡಮ್ ಎರಡು.

ಇನ್ನೊಂದು, ಬಹಳ ಜನ ಮರೆಯುವುದು. ಚಾಂಪಿಯನ್ಸ್ ಲೀಗ್‌ನಲ್ಲಿ ನಾಕೌಟ್‌ಗೆ ಮುಂಚಿನ ಲೀಗ್ ಹಂತ ಮುಗಿದ ಮೇಲೆ ಪ್ರತಿ ತಂಡವೂ ಮೂವರು ಹೊಸ ಆಟಗಾರರನ್ನು ಪಟ್ಟಿಗೆ ಸೇರಿಸಬಹುದು. 2024-25ರಲ್ಲಿ ಪಿಎಸ್‌ಜಿ ಲೀಗ್ ಹಂತದಲ್ಲಿ 15ನೇ ಸ್ಥಾನ, ಲಿವರ್‌ಪೂಲ್ ಮೊದಲ ಸ್ಥಾನ. ಆ ಪಟ್ಟಿ ಹಿಡಿದವರಿಗೆ ಪಿಎಸ್‌ಜಿ ಬಡ ತಂಡ. ಜನವರಿಯಲ್ಲಿ ಸೇರಿದ ಕ್ವಾರಟ್ಸ್‌ಖೇಲಿಯಾ ಆ ಪಟ್ಟಿಯ ಒಂದು ಆಟದಲ್ಲೂ ಇರಲಿಲ್ಲ. ಸೆಪ್ಟೆಂಬರ್‌ನ ಅಂಕಿಯಿಂದ ಮಾರ್ಚ್‌ನ ತಂಡವನ್ನು ಅಳೆಯಬೇಡಿ.

ಪ್ರಶ್ನೆ: ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ, ಸಂಭವನೀಯತೆಯ ಲೆಕ್ಕ ಅಷ್ಟಿಷ್ಟು ಬರುತ್ತದೆ. ಮೊದಲ ಲೆಗ್ 0-1 ಸೋತ ತಂಡ ಮುಂದೆ ಹೋಗುವ ಸಂಭವ ಎಷ್ಟು ಎಂದು ಕಾಗದದ ಮೇಲೆ ತೆಗೆಯಬಹುದೆ?
– ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಧಾರಾಳವಾಗಿ. ಸರಾಸರಿ ಕೊಟ್ಟರೆ 0, 1, 2 ಗೋಲಿನ ಸಂಭವ ಹೇಳುವ ಪಾಯ್ಸಾನ್ ಹಂಚಿಕೆ ಗೊತ್ತಿದ್ದರೆ ಅರ್ಧ ಗಂಟೆಯ ಕೆಲಸ; ಎಕ್ಸೆಲ್‌ನಲ್ಲಿ ಪಾಯ್ಸಾನ್ ಫಂಕ್ಷನ್ ಇದೆ, ಐದು ನಿಮಿಷ ಸಾಕು.

ಮೊದಲು ಎರಡನೇ ಲೆಗ್‌ನಲ್ಲಿ ಯಾರಿಂದ ಎಷ್ಟು ಗೋಲು ನಿರೀಕ್ಷಿಸಬಹುದು ಎಂದು ತೆಗೆಯಬೇಕು. ಒಂದು ಕಾಲ್ಪನಿಕ ಜೋಡಿ ಹಿಡಿಯೋಣ. 0-1 ಸೋತು ಬಂದ ತಂಡವೇ ಈಗ ತವರು ತಂಡ; ಅದು ತನ್ನ ಊರಲ್ಲಿ ಆಟಕ್ಕೆ 2.0 ಎಕ್ಸ್‌ಜಿ ಹುಟ್ಟಿಸುತ್ತದೆ, ಪೆನಾಲ್ಟಿ ಬಿಟ್ಟು. ಎದುರಾಳಿ ಹೊರಗಡೆ ಆಟಕ್ಕೆ 1.3 ಬಿಟ್ಟುಕೊಡುತ್ತದೆ. ತವರು ತಂಡಗಳ ಒಟ್ಟಾರೆ ಸರಾಸರಿ 1.45 ಎಂದಿರಲಿ. 2.0 × 1.3 ÷ 1.45 ಮಾಡಿದರೆ ಸುಮಾರು 1.8. ಎದುರಾಳಿಗೂ ಹೀಗೇ: ಹೊರಗಡೆ 1.2 ಹುಟ್ಟಿಸುತ್ತದೆ, ತವರು ತಂಡ ಬಿಟ್ಟುಕೊಡುವುದು 1.0, ಹೊರಗಿನ ತಂಡಗಳ ಸರಾಸರಿ 1.2, ಉತ್ತರ 1.0. ಸರಾಸರಿಯಿಂದ ಭಾಗಿಸುವುದನ್ನು ಬಿಟ್ಟರೆ ಒಂದೇ ಗುಣವನ್ನು ಎರಡು ಸಲ ಎಣಿಸಿದ ಹಾಗಾಗುತ್ತದೆ. ಹೊಸಬರು ಎಡವುವುದು ಇಲ್ಲೇ.

ಸರಾಸರಿ 1.8 ಇದ್ದಾಗ 0 ಗೋಲಿನ ಸಂಭವ ನೂರಕ್ಕೆ 16.5, 1 ಗೋಲು 29.8, 2 ಗೋಲು 26.8, 3 ಗೋಲು 16.1, 4 ಗೋಲು 7.2, ಐದೋ ಹೆಚ್ಚೋ 3.6. ಸರಾಸರಿ 1.0ಕ್ಕೆ 36.8, 36.8, 18.4, 6.1, ನಾಲ್ಕೋ ಹೆಚ್ಚೋ 1.9. ಈಗ ಅಡ್ಡಸಾಲಿನಲ್ಲಿ ಒಂದು, ಉದ್ದಸಾಲಿನಲ್ಲಿ ಇನ್ನೊಂದು ಬರೆದು ಮನೆ ಮನೆ ಗುಣಿಸಿ. 2-0ರ ಮನೆಗೆ 26.8 × 36.8 ÷ 100, ಅಂದರೆ 9.9. ಹೀಗೆ ಎಲ್ಲ ಮನೆ ತುಂಬಿದ ಮೇಲೆ ಎರಡು ಗುಂಪು ಕೂಡಿಸಿ. ತವರು ತಂಡ ಎರಡು ಅಥವಾ ಹೆಚ್ಚು ಗೋಲಿನಿಂದ ಗೆಲ್ಲುವ ಮನೆಗಳು ಕೂಡಿ 32. ಸರಿಯಾಗಿ ಒಂದೇ ಗೋಲಿನಿಂದ ಗೆಲ್ಲುವ ಮನೆಗಳು 24. ಇವು ಹೆಚ್ಚುವರಿ ಅವಧಿಗೆ ಹೋಗುತ್ತವೆ. ಅಲ್ಲಿ ಇಬ್ಬರಿಗೂ ಅರ್ಧರ್ಧ ಎಂದರೆ 12. ಒಟ್ಟು 44. ಆ 24ನ್ನು ಪೂರ್ತಿ ಗೆಲುವಿನ ಪಟ್ಟಿಗೆ ಹಾಕುವುದು ಎರಡನೇ ಸಾಮಾನ್ಯ ತಪ್ಪು.

ಅಂದರೆ ಒಂದು ಗೋಲು ಹಿಂದಿದ್ದರೂ ನೂರಕ್ಕೆ 44. ಅದೇ ತಂಡ ಎರಡು ಗೋಲು ಹಿಂದಿದ್ದರೆ 23, ಮೂರು ಹಿಂದಿದ್ದರೆ 10, ನಾಲ್ಕಾದರೆ 4ರೊಳಗೆ. ಒಂದರಿಂದ ಎರಡಕ್ಕೆ ಇಳಿದಾಗಲೇ ಅರ್ಧ ಹೋಯಿತು ನೋಡಿ. ಹಾಗಾಗಿಯೇ ಮೊದಲ ಲೆಗ್‌ನ ಕೊನೆಯ ಹತ್ತು ನಿಮಿಷದಲ್ಲಿ 0-1 ಹಿಂದಿರುವ ತಂಡ ಸಮಬಲಕ್ಕೆ ನುಗ್ಗುವುದೋ ಎರಡನೆಯದನ್ನು ತಡೆಯುವುದೋ ಎಂದು ತೂಗುವುದು.

ಈ ಲೆಕ್ಕ ಕೈಕೊಡುವ ಜಾಗವನ್ನೂ ಹೇಳಬೇಕು. ಗೋಲುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತವೆ ಎಂದು ಪಾಯ್ಸಾನ್ ಹಿಡಿಯುತ್ತದೆ. ನಿಜದಲ್ಲಿ ಹಿಂದಿರುವ ತಂಡ ಕೊನೆಗೆ ಡಿಫೆಂಡರ್‌ನನ್ನು ತೆಗೆದು ಮುಂದಾಳು ಒಬ್ಬನನ್ನು ಇಳಿಸುತ್ತದೆ, ಇಬ್ಬರ ಸರಾಸರಿಯೂ ಏರುತ್ತದೆ. 2017ರ ಮಾರ್ಚ್ 8ರಂದು, ಮೊದಲ ಲೆಗ್‌ನಲ್ಲಿ ಪಿಎಸ್‌ಜಿಗೆ 0-4 ಸೋತಿದ್ದ ಬಾರ್ಸಿಲೋನಾಕ್ಕೆ 87 ನಿಮಿಷ ಕಳೆದರೂ ಇನ್ನೂ ಮೂರು ಗೋಲು ಬೇಕಿತ್ತು. 88ಕ್ಕೆ ನೇಮರ್, 90+1ಕ್ಕೆ ನೇಮರ್ ಪೆನಾಲ್ಟಿ, 90+5ಕ್ಕೆ ಸೆರ್ಜಿ ರೊಬರ್ಟೊ, 6-1. ಅಲ್ಲಿಯವರೆಗೆ ಚಾಂಪಿಯನ್ಸ್ ಲೀಗ್‌ನಲ್ಲಿ ನಾಲ್ಕು ಗೋಲಿನ ಹಿನ್ನಡೆಯನ್ನು ಯಾರೂ ತೀರಿಸಿರಲಿಲ್ಲ. 2022ರ ಸೆಮಿಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ 89ನೇ ನಿಮಿಷದವರೆಗೂ ಮ್ಯಾಂಚೆಸ್ಟರ್ ಸಿಟಿಗಿಂತ ಒಟ್ಟು 3-5 ಹಿಂದೆ. ಬದಲಿಯಾಗಿ ಬಂದ ರೊಡ್ರಿಗೊ ಒಂದೂವರೆ ನಿಮಿಷದಲ್ಲಿ ಎರಡು ಹೊಡೆದರು, ಹೆಚ್ಚುವರಿ ಅವಧಿಯಲ್ಲಿ ಬೆಂಜೆಮಾ ಪೆನಾಲ್ಟಿ ಮುಗಿಸಿತು. ಆದ್ದರಿಂದ ಬೆಂಚಿನಲ್ಲಿ ಯಾರಿದ್ದಾರೆ ಎನ್ನುವುದೂ ಅಂಕಿಯೇ. ಐದು ಬದಲಿ, ಹೆಚ್ಚುವರಿ ಅವಧಿಗೆ ಹೋದರೆ ಆರನೆಯದು.

ಪ್ರಶ್ನೆ: ಎರಡನೇ ಆಟ ತವರಿನಲ್ಲಿ ಸಿಕ್ಕರೆ ಲಾಭ ಅಂತಾರೆ. ಖರೇನ ಐತೇನ್ರಿ?
– ಓದುಗರು, ಬೆಟಗೇರಿ, ಗದಗ

ಉತ್ತರ: ಐತಿ, ಆದರೆ ಹೇಳುವಷ್ಟು ಇಲ್ಲ. ಎರಡನೇ ಆಟ ತವರಿನಲ್ಲಿ ಆಡಿದವರೇ ಹೆಚ್ಚು ಗೆದ್ದಿದ್ದಾರೆ ಎಂದು ಪಟ್ಟಿ ತೋರಿಸುವವರು ಒಂದು ಮಾತು ನುಂಗುತ್ತಾರೆ. 2023-24ರವರೆಗೆ ಹದಿನಾರರ ಸುತ್ತಿನಲ್ಲಿ ಗುಂಪು ಗೆದ್ದ ತಂಡಕ್ಕೇ ಎರಡನೇ ಆಟ ತವರಿನಲ್ಲಿ ಕೊಡುತ್ತಿದ್ದರು. 36 ತಂಡಗಳ ಹೊಸ ಪದ್ಧತಿಯಲ್ಲೂ ಮೊದಲ ಎಂಟು ಸ್ಥಾನದವರಿಗೆ ಅದೇ ಸೌಲಭ್ಯ, ಅದಕ್ಕೂ ಮುಂಚಿನ ಪ್ಲೇ-ಆಫ್ ಸುತ್ತಿನಲ್ಲಿ 9ರಿಂದ 16ರವರಿಗೆ. ಅಂದಮೇಲೆ ಗೆದ್ದದ್ದು ತವರಿನಿಂದಲೋ ಬಲಿಷ್ಠ ತಂಡ ಆದ್ದರಿಂದಲೋ? ಬೇರೆ ಮಾಡಿ ನೋಡಬೇಕಾದರೆ ಚೀಟಿ ಎತ್ತಿ ಕ್ರಮ ನಿರ್ಧರಿಸುತ್ತಿದ್ದ ಕಾಲದ ಕ್ವಾರ್ಟರ್ ಫೈನಲ್, ಸೆಮಿಫೈನಲ್‌ಗಳನ್ನು ಮಾತ್ರ ಹಿಡಿಯಿರಿ. 2025-26ರಿಂದ ಅಲ್ಲಿಯೂ ಮೇಲಿನ ಸ್ಥಾನದವರಿಗೆ ಎರಡನೇ ಆಟ ತವರಿನಲ್ಲಿ ಎಂದು ಮಾಡಿದ್ದಾರೆ, ಮುಂದಿನ ಪಟ್ಟಿಗಳು ಇನ್ನಷ್ಟು ಕಲಬೆರಕೆ.

ನಿಜವಾದ ಲಾಭ ಒಂದಿದೆ. ಹೆಚ್ಚುವರಿ 30 ನಿಮಿಷ ಬಂದರೆ ಅದು ತವರಿನ ಜನರ ಮುಂದೆ. ಆದರೆ ಶೂಟೌಟ್‌ಗೆ ಹೋದ ಮೇಲೆ ತವರಿನ ಗದ್ದಲ ನಂಬಿ ಕೂರಬೇಡಿ. ಆ್ಯನ್‌ಫೀಲ್ಡ್ ಕಥೆ ಮೇಲೆಯೇ ಇದೆ. ತವರಿನ ಬಲವೇ ಇಳಿಯುತ್ತ ಬಂದಿದೆ ಎಂದು ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ 2021ರಲ್ಲಿ ಕೊಟ್ಟ ಅಂಕಿ ಹೇಳುತ್ತದೆ: 1970ರ ದಶಕದ ನಡುವೆ ತವರು ತಂಡ ನೂರಕ್ಕೆ 61 ಗೆದ್ದು ಹೊರಗಿನ ತಂಡ 19 ಗೆಲ್ಲುತ್ತಿತ್ತು, ಅದು 47 ಮತ್ತು 30ಕ್ಕೆ ಬಂದಿತ್ತು.

ಪ್ರಶ್ನೆ: ಎದುರಾಳಿ ಊರಿನಲ್ಲಿ ಹೊಡೆದ ಗೋಲಿಗೆ ಎರಡರ ತೂಕ ಎನ್ನುವ ನಿಯಮ ಈಗಲೂ ಇದೆಯೆ?
– ಓದುಗರು, ರಾಣೆಬೆನ್ನೂರು

ಉತ್ತರ: ಇಲ್ಲ. ಒಟ್ಟು ಗೋಲು ಸಮವಾದಾಗ ಮಾತ್ರ ಲೆಕ್ಕಕ್ಕೆ ಬರುತ್ತಿದ್ದ ಆ ನಿಯಮ 1965ರಲ್ಲಿ ಬಂದದ್ದು, 2021-22ರಿಂದ ಹೋಯಿತು. ಹಳೆಯ ದಾಖಲೆ ಓದುವಾಗ ಮಾತ್ರ ನೆನಪಿಡಿ. 2018ರಲ್ಲಿ ರೋಮಾ 4-4ರಲ್ಲಿ ಬಾರ್ಸಿಲೋನಾವನ್ನು, 2019ರಲ್ಲಿ ಟಾಟನ್‌ಹ್ಯಾಮ್ 3-3ರಲ್ಲಿ ಅಯಾಕ್ಸ್‌ ತಂಡವನ್ನು ಹೊರಹಾಕಿದ್ದು ಈ ನಿಯಮದಿಂದ. ಇವತ್ತಾಗಿದ್ದರೆ ಎರಡೂ ಹೆಚ್ಚುವರಿ ಅವಧಿಗೆ ಹೋಗುತ್ತಿದ್ದವು. ‘1-0 ಗೆದ್ದವರು ಇಷ್ಟು ಸಲ ಮುಂದೆ ಹೋಗಿದ್ದಾರೆ’ ಎಂಬ ಪಟ್ಟಿಯಲ್ಲಿ 2021ರ ಮುಂಚಿನದನ್ನೂ ಆಮೇಲಿನದನ್ನೂ ಬೆರೆಸಿದ್ದರೆ ಅದನ್ನು ಪಕ್ಕಕ್ಕಿಡಿ.

ಪ್ರಶ್ನೆ: ಹಳದಿ ಕಾರ್ಡ್ ಲೆಕ್ಕ ಹೇಗೆ? ಒಮ್ಮೊಮ್ಮೆ ದೊಡ್ಡ ಆಟಗಾರ ಎರಡನೇ ಲೆಗ್‌ನಲ್ಲಿ ಇರುವುದೇ ಇಲ್ಲ.
– ಓದುಗರು, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಚಾಂಪಿಯನ್ಸ್ ಲೀಗ್‌ನಲ್ಲಿ ಮೂರನೇ ಹಳದಿ ಬಿದ್ದರೆ ಮುಂದಿನ ಒಂದು ಆಟ ಇಲ್ಲ. ಆಮೇಲೆ ಐದು, ಏಳು, ಹೀಗೆ ಬೆಸ ಸಂಖ್ಯೆಗೊಮ್ಮೆ. ಕ್ವಾರ್ಟರ್ ಫೈನಲ್ ಮುಗಿದ ಮೇಲೆ ಹಳೆಯ ಹಳದಿಗಳು ಅಳಿಸಿಹೋಗುತ್ತವೆ. ದೇಶೀ ಲೀಗ್‌ನ ಕಾರ್ಡ್ ಇದಕ್ಕೆ ಸೇರುವುದಿಲ್ಲ, ಇವೆರಡನ್ನು ಕೂಡಿಸಿ ಗಾಬರಿಯಾಗುವವರು ಬಹಳ. ಮೊದಲ ಲೆಗ್‌ಗೂ ಮುಂಚೆ ಎರಡು ಹಳದಿ ಇರುವವರ ಹೆಸರು ಬರೆದಿಟ್ಟುಕೊಳ್ಳಿ.

2019ರ ಫೆಬ್ರುವರಿ 13ರಂದು ಆಮ್‌ಸ್ಟರ್‌ಡಾಮ್‌ನಲ್ಲಿ ರಿಯಲ್ ಮ್ಯಾಡ್ರಿಡ್ 2-1 ಮುಂದಿದ್ದಾಗ ನಾಯಕ ಸೆರ್ಜಿಯೊ ರಾಮೋಸ್ ಕೊನೇ ನಿಮಿಷಗಳಲ್ಲಿ ಹಳದಿ ಪಡೆದರು. ಎರಡನೇ ಲೆಗ್ ತವರಿನಲ್ಲಿ, ಸುಲಭ. ಅಲ್ಲಿ ಹೊರಗೆ ಕೂತು ಲೆಕ್ಕ ತೀರಿಸಿದರೆ ಕ್ವಾರ್ಟರ್ ಫೈನಲ್‌ಗೆ ಹಗುರ ಎಂಬ ಎಣಿಕೆ. ಬೇಕೆಂದೇ ಪಡೆದದ್ದು ಎಂದು ತೀರ್ಮಾನಿಸಿದ ಯುಇಎಫ್‌ಎ ಒಂದರ ಬದಲು ಎರಡು ಆಟ ನಿಷೇಧಿಸಿತು. ಆಮೇಲೆ ಮಾರ್ಚ್ 5ರಂದು ಅಯಾಕ್ಸ್ ಮ್ಯಾಡ್ರಿಡ್‌ನ ಮೈದಾನ ಬರ್ನಬ್ಯೂಗೆ ಬಂದು, ರಾಮೋಸ್ ಇಲ್ಲದ ಡಿಫೆನ್ಸ್ ಎದುರು 4-1 ಹೊಡೆದು ಹೋಯಿತು. ಕ್ವಾರ್ಟರ್ ಫೈನಲ್ ಆಡುವ ಪ್ರಶ್ನೆಯೇ ಉಳಿಯಲಿಲ್ಲ.

ಪ್ರಶ್ನೆ: ಒಮ್ಮೆ ಒಂದೂವರೆ, ಒಮ್ಮೆ ಹನ್ನೆರಡೂವರೆ. ಆಟ ಯಾವಾಗ ಶುರು ಅನ್ನೋದ ತಿಳಿಯೂದಿಲ್ಲ. ಎದ್ದಾಗ ಅರ್ಧ ಆಟ ಮುಗದಿರತೈತಿ.
– ಓದುಗರು, ಹಾವೇರಿ

ಉತ್ತರ: ಯುರೋಪಿನಲ್ಲಿ ಗಡಿಯಾರವನ್ನೇ ತಿರುಗಿಸುತ್ತಾರೆ, ಮಾರ್ಚ್‌ನ ಕೊನೇ ಭಾನುವಾರ. ಅಲ್ಲಿಯವರೆಗೆ ಅವರ ರಾತ್ರಿ 9 ನಮ್ಮ ನಸುಕಿನ 1:30, ಆಮೇಲೆ 12:30. ಹದಿನಾರರ ಸುತ್ತು ಮಾರ್ಚ್‌ನಲ್ಲಿ, ಆದ್ದರಿಂದ 1:30. ಕ್ವಾರ್ಟರ್ ಫೈನಲ್ ಏಪ್ರಿಲ್‌ನಲ್ಲಿ, 12:30. ಅವರ 6:45ರ ಆಟ ನಮಗೆ ರಾತ್ರಿ 11:15, ಏಪ್ರಿಲ್‌ನಲ್ಲಿ 10:15. ರಾತ್ರಿ 9ರ ಆಟ ‘ಮಂಗಳವಾರ’ ಎಂದಿದ್ದರೆ ಅಲಾರಾಂ ಇಡಬೇಕಾದದ್ದು ಬುಧವಾರಕ್ಕೆ. 1:30ರ ಆಟ ಮುಗಿಯುವುದು 3:20ರ ಸುಮಾರಿಗೆ, ಶೂಟೌಟ್‌ಗೆ ಹೋದರೆ ನಾಲ್ಕೂಕಾಲು. ಬೆಳಗಿನ ಪಾಳಿ ಇರುವವರು ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ: ಈ ಅಂಕಿ ನೋಡಿ ಆ್ಯಪ್‌ನಲ್ಲಿ ದುಡ್ಡು ಹಾಕಬಹುದೆ?
– ಓದುಗರು, ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ದುಡ್ಡಿಟ್ಟು ಆಡುವ ಆನ್‌ಲೈನ್ ಆಟವನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಮುಂದಿನ ಪ್ರಶ್ನೆಗೆ ಹೋಗೋಣ.

ಪ್ರಶ್ನೆ: ನಮ್ಮ ಕಾಲೇಜುಗಳ ಟೂರ್ನಿಯಲ್ಲಿ ಸೆಮಿಫೈನಲ್ ಎರಡು ಲೆಗ್ ಮಾಡಬೇಕೆಂದಿದ್ದೇವೆ. ನಿಯಮ ಹೇಗಿಡಬೇಕು, ಅಂಕಿ ಯಾರು ಬರೆಯಬೇಕು?
– ಓದುಗರು, ಮುಳಗುಂದ ರಸ್ತೆ, ಗದಗ

ಉತ್ತರ: ಎರಡೂ ಆಟ ಒಂದೇ ಮೈದಾನದಲ್ಲಾದರೆ ಹೊರಗಿನ ಗೋಲಿನ ನಿಯಮ ಹಾಕಲೇಬೇಡಿ, ತವರೇ ಇಲ್ಲದ ಮೇಲೆ ಅದಕ್ಕೆ ಅರ್ಥವಿಲ್ಲ. ಒಟ್ಟು ಗೋಲು ಸಮವಾದರೆ ಏನು ಎಂಬುದನ್ನು ಮೊದಲ ಆಟಕ್ಕೂ ಮುಂಚೆ ಬರೆದು ಎರಡೂ ನಾಯಕರ ಸಹಿ ಹಾಕಿಸಿ. ರಣಜಿಯಲ್ಲಿ ಡ್ರಾ ಆದರೆ ಮೊದಲ ಇನಿಂಗ್ಸ್ ಮುನ್ನಡೆ ಎಂದು ಎಲ್ಲರಿಗೂ ಗೊತ್ತು, ಇಲ್ಲಿ ಗೊತ್ತಿಲ್ಲದೆ ಜಗಳ ಬೀಳುತ್ತದೆ. ಹೆಚ್ಚುವರಿ ಅವಧಿ ಎರಡು ಸಮ ಭಾಗ ಇರಬೇಕು, ಒಂದೊಂದು ಗರಿಷ್ಠ 15 ನಿಮಿಷ. ಬೇಸಿಗೆ ಮಧ್ಯಾಹ್ನ ಆಡಿಸುವುದಾದರೆ ಐದೈದು ನಿಮಿಷ ಸಾಕು, ಅಥವಾ ನೇರ ಶೂಟೌಟ್.

ಶೂಟೌಟ್‌ಗೆ ರೆಫ್ರಿ ಎರಡು ಸಲ ನಾಣ್ಯ ಚಿಮ್ಮಬೇಕು: ಮೊದಲ ಸಲ ಯಾವ ಕಡೆಯ ಗೋಲು ಎಂದು, ಎರಡನೇ ಸಲ ಗೆದ್ದವರು ಮೊದಲು ಹೊಡೆಯುತ್ತಾರೋ ಆಮೇಲೋ ಎಂದು. ಆಟ ಮುಗಿದಾಗ ಮೈದಾನದಲ್ಲಿದ್ದವರು ಮಾತ್ರ ಹೊಡೆಯಬಹುದು. ಒಂದು ತಂಡದಲ್ಲಿ ಹತ್ತೇ ಮಂದಿ ಉಳಿದಿದ್ದರೆ ಇನ್ನೊಂದು ತಂಡವೂ ಒಬ್ಬರನ್ನು ಬಿಡಬೇಕು. ನಮ್ಮ ಕಡೆಯ ಟೂರ್ನಿಗಳಲ್ಲಿ ಇದೊಂದು ಬಹಳ ಸಲ ತಪ್ಪುತ್ತದೆ.

ಅಂಕಿ ಬರೆಯಲು ಇಬ್ಬರು ಬೇಕು, ಒಬ್ಬ ನೋಡಿ ಹೇಳುವವ, ಒಬ್ಬ ಬರೆಯುವವ. ಒಬ್ಬನೇ ಎರಡೂ ಮಾಡಿದರೆ ತಲೆ ಬಗ್ಗಿಸಿದಾಗ ಹೊಡೆತ ತಪ್ಪಿಹೋಗುತ್ತದೆ. ಹಾಳೆಯಲ್ಲಿ ಐದು ಕಾಲಂ: ನಿಮಿಷ, ಜೆರ್ಸಿ ಸಂಖ್ಯೆ, ಪೆನಾಲ್ಟಿ ಬಾಕ್ಸ್ ಒಳಗೋ ಹೊರಗೋ, ಕಾಲೋ ತಲೆಯೋ, ಆಗಿನ ಸ್ಕೋರು. ಕೊನೆಯದನ್ನು ಬಿಡಬೇಡಿ, ಸಮಬಲದಲ್ಲಿ ಯಾರು ಒತ್ತಿ ಆಡಿದರು ಎಂದು ಆಮೇಲೆ ತೆಗೆಯುವುದು ಅದರಿಂದಲೇ. ಹಳದಿ ಕಾರ್ಡ್‌ಗೆ ಬೇರೆ ಪುಸ್ತಕ ಇಟ್ಟು, ಮೊದಲ ಆಟ ಮುಗಿದ ಕೂಡಲೇ ರೆಫ್ರಿಯಿಂದ ಅದಕ್ಕೂ ಸಹಿ ಮಾಡಿಸಿಕೊಳ್ಳಿ.